ಸಾರು ಕಹಿ, ಬೇಳೆ ಗಟ್ಟಿ: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ಪುಣೆಯಲ್ಲಿದ್ದೇನೆ. ಅಮ್ಮ ಕೊಟ್ಟು ಕಳಿಸಿದ್ದ ಸಾರಿನ ಪುಡಿ ಮುಗಿದ ಮೇಲೆ ನಾನೇ ಹುರಿದು ಪುಡಿ ಮಾಡಿಕೊಂಡೆ. ಸಾರು ಕಹಿ ಬರುತ್ತಿದೆ. ಬೆಳಗ್ಗೆ ಅವಸರಕ್ಕೆ ತೊಗರಿಬೇಳೆ, ಹುಣಸೆರಸ, ಪುಡಿ ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಕೂಗಿಸುತ್ತೇನೆ. ಬೇಳೆಯೂ ನುಣ್ಣಗೆ ಬೇಯುವುದಿಲ್ಲ. ಬೆಲ್ಲ ಜಾಸ್ತಿ ಹಾಕಿದರೆ ಕಹಿ ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ, ಕಹಿ ಪಾನಕ ಆದೀತು ಅಷ್ಟೆ. ಒಂದು ಸಣ್ಣ ಚೂರು ಬೆಲ್ಲ ಸಾಕು.

ಕಹಿಗೆ ಕಾರಣ ಬಹುಪಾಲು ಮೆಂತ್ಯ. ಒಂದು ಲೋಟ ಕೊತ್ತಂಬರಿ ಬೀಜಕ್ಕೆ ಒಂದು ಚಮಚ ಮೆಂತ್ಯ ಧಾರಾಳವಾಯಿತು. ಅದನ್ನು ಬೇರೆಯಾಗಿಯೇ, ಸಣ್ಣ ಉರಿಯಲ್ಲಿ ಹುರಿಯಿರಿ. ಹಳದಿ ಕಾಳು ಜೇನಿನ ಬಣ್ಣಕ್ಕೆ ತಿರುಗಿ ಘಮ್ಮೆಂದಾಗ ಬಾಣಲೆಯಿಂದ ತೆಗೆದುಬಿಡಿ. ಒಲೆ ಆರಿಸಿ ಅಲ್ಲೇ ಬಿಟ್ಟರೆ ಬಾಣಲೆಯ ಕಾವಿಗೇ ಕಪ್ಪಾಗುತ್ತದೆ, ಇಲ್ಲೇ ಹೆಚ್ಚಿನವರು ಎಡವುವುದು. ಜೀರಿಗೆ, ಕಾಳುಮೆಣಸೂ ಬೇಗ ಸೀಯುತ್ತವೆ. ಬ್ಯಾಡಗಿ ಮೆಣಸಿನಕಾಯಿ ಗರಿಗರಿಯಾದರೆ ಸಾಕು. ಅದನ್ನು ಹಾಕುವುದೇ ಬಣ್ಣಕ್ಕೆ, ಸುಟ್ಟರೆ ಬಣ್ಣವೂ ಇಲ್ಲ.

ಇನ್ನು ಬೇಳೆ. ಹುಳಿ ಬಿದ್ದ ನೀರಿನಲ್ಲಿ ಬೇಳೆ ಬೇಗ ಮೆತ್ತಗಾಗುವುದಿಲ್ಲ. ನಾಲ್ಕು ಜನಕ್ಕೆ ಅರ್ಧ ಲೋಟ ಬೇಳೆಯನ್ನು ಅರಿಸಿನ, ಎರಡು ಹನಿ ಎಣ್ಣೆ ಹಾಕಿ ಬೇರೆ ಬೇಯಿಸಿ, ಕಡೆದಿಡಿ. ಅದು ಕುಕ್ಕರಿನಲ್ಲಿ ಕೂಗುತ್ತಿರುವಾಗಲೇ ಪಕ್ಕದ ಒಲೆಯಲ್ಲಿ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ, ಟೊಮೆಟೊ, ಉಪ್ಪು, ಕರಿಬೇವು, ಆ ಬೆಲ್ಲದ ಚೂರು ಕುದಿಯಲಿ. ಹಾಗಾಗಿ ಹೊತ್ತೇನೂ ಹೆಚ್ಚು ಹಿಡಿಯದು. ಬಗ್ಗಿ ಮೂಸಿ ನೋಡಿ: ಹುಣಸೆಯ ಹಸಿ ವಾಸನೆ ಹೋಗುವ ತನಕ ಪುಡಿಯ ಡಬ್ಬಿ ಮುಟ್ಟಬೇಡಿ. ವಾಸನೆ ಹೋದ ಮೇಲೆ ಎರಡು ಚಮಚ ಪುಡಿ, ಹಿಂದೆಯೇ ಕಡೆದ ಬೇಳೆ, ಬೇಕಾದಷ್ಟು ನೀರು.

ಪುಡಿ ಬಿದ್ದ ಮೇಲೆ ಸಾರನ್ನು ಕೊತಕೊತ ಕುದಿಸಬಾರದು ಎನ್ನುವವಳು ನಾನು. ಅಂಚಿನಿಂದ ನೊರೆ ಎದ್ದು ನಡುವಿಗೆ ಕೂಡಿಕೊಳ್ಳುತ್ತದಲ್ಲ, ಆಗಲೇ ಒಲೆ ಆರಿಸಿ. ಅಡುಗೆಮನೆಯೆಲ್ಲ ಘಮಘಮ ಎನ್ನುವಷ್ಟು ಕುದಿಸಿದರೆ ಆ ಪರಿಮಳ ಹೋಗಿದ್ದು ಗಾಳಿಗೆ, ತಟ್ಟೆಗಲ್ಲ. ತುಪ್ಪದಲ್ಲಿ ಸಾಸಿವೆ ಚಟಪಟ ಅಂದ ಮೇಲೆ ಇಂಗು ಹಾಕಿ ಒಗ್ಗರಣೆ ಕೊಟ್ಟು, ಕೊತ್ತಂಬರಿ ಸೊಪ್ಪು ಉದುರಿಸಿ, ತಟ್ಟೆ ಮುಚ್ಚಿ. ಸ್ವಲ್ಪ ಹೊತ್ತಿಗೆ ಬೇಳೆ ತಳಕ್ಕಿಳಿದು ತಿಳಿ ಮೇಲೆ ನಿಲ್ಲುತ್ತದೆ. ಅದು ಕೆಟ್ಟಿದ್ದಲ್ಲ, ಅನ್ನಕ್ಕೆ ಬಡಿಸುವಾಗ ಸೌಟು ತಳ ಮುಟ್ಟಲಿ. ಬರೀ ತಿಳಿಯನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವವರು ನಮ್ಮ ಮನೆಯಲ್ಲೂ ಇದ್ದಾರೆ.

ಈಗಿರುವ ಕಹಿ ಪುಡಿಯನ್ನು ಎಸೆಯಬೇಡಿ. ಮೆಂತ್ಯವನ್ನೇ ಹಾಕದೆ ಹೊಸದಾಗಿ ಪುಡಿ ಮಾಡಿ, ಅದರ ಮೂರು ಪಾಲಿಗೆ ಹಳೆಯದನ್ನು ಒಂದು ಪಾಲು ಬೆರೆಸಿ ಒಂದು ದಿನ ಮಾಡಿ ನೋಡಿ. ಆಗಲೂ ನಾಲಿಗೆಗೆ ಕಹಿ ತಾಕಿದರೆ ಮೆಣಸಿನಕಾಯಿಯೂ ಸುಟ್ಟಿರಬಹುದು, ಅದಕ್ಕೆ ಮದ್ದಿಲ್ಲ.