‘ಸುಮಾರು’ ಬಿಡಬೇಕೆ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ‘ಸುಮಾರು 347 ಮಂದಿ’ ಎಂದು ಅಚ್ಚಾಗಿದೆ. ಎಣಿಸಿದ ಮೇಲೆ ಸುಮಾರು ಏಕೆ? ಇದು ಸೋಮಾರಿಗಳ ಪದ, ಕನ್ನಡದ್ದೂ ಅಲ್ಲ. ಇದನ್ನು ಬಿಟ್ಟು ‘ಅಂದಾಜು’ ಎನ್ನಬಾರದೆ?”

347ರ ವಿಚಾರದಲ್ಲಿ ತಪ್ಪು ನಮ್ಮದೇ. ಆದರೆ ಅದಕ್ಕಾಗಿ ಪದವನ್ನೇ ಗಡೀಪಾರು ಮಾಡಲು ನಾನು ಒಪ್ಪಲಾರೆ.

ಪಾರಸಿಯಲ್ಲಿ ‘ಶುಮಾರ್’ ಎಂದರೆ ಎಣಿಕೆ. ಹಿಂದಿಯವರ ‘ಬೇಶುಮಾರ್’ ಲೆಕ್ಕಕ್ಕೆ ಸಿಗದಷ್ಟು. ಎಣಿಕೆಯ ಆ ಪದ ನಮ್ಮಲ್ಲಿಗೆ ಬಂದು, ಎಣಿಸದೆ ಹೇಳುವ ಪದವಾಯಿತು. ನೀವು ಸೂಚಿಸಿದ ‘ಅಂದಾಜು’ ಕೂಡ ಪಾರಸಿಯಿಂದ ಬಂದದ್ದೇ, ಸ್ವಾಮಿ. ಪತ್ರ ಬರೆಯುವ ಮುನ್ನ ನಿಘಂಟು ತೆರೆಯಬಹುದಿತ್ತು. ‘ಸುಮಾರು ನೂರು ಜನ’ ಎಂದರೆ ನೂರರ ಆಸುಪಾಸು. ‘ಸುಮಾರು ಜನ ಬಂದಿದ್ರು’ ಎಂದರೆ ಬೇಕಾದಷ್ಟು ಜನ. ‘ಊಟ ಸುಮಾರು’ ಎಂದರೆ ಅಷ್ಟಕ್ಕಷ್ಟೆ. ಇಷ್ಟು ದುಡಿಯುವ ಪದವನ್ನು ಸೋಮಾರಿ ಎನ್ನಬಹುದೆ? ನಮ್ಮಜ್ಜಿ ಸಾರಿಗೆ ನಿಂಬೆಗಾತ್ರದ ಹುಣಸೆಹಣ್ಣು ಹಾಕುತ್ತಿದ್ದರು, ಪಕ್ಕದ ಹಳ್ಳಿ ಕೂಗಳತೆ ದೂರ ಎನ್ನುತ್ತಿದ್ದರು. ಸಾರು ಕೆಟ್ಟದ್ದಿಲ್ಲ, ಹಾದಿ ತಪ್ಪಿದ್ದೂ ಇಲ್ಲ.

ನನಗೆ ಸಂಕಟವಾಗುವುದು ‘ಸುಮಾರು’ ಇರಬೇಕಾದ ಕಡೆ ಇಲ್ಲದಿದ್ದಾಗ. ಹಲ್ಮಿಡಿ ಶಾಸನವನ್ನೇ ನೋಡಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಕಲ್ಲಿನ ಮೇಲೆ ಇಸವಿಯೇ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಕದಂಬ ಅರಸನ ಹೆಸರು ಇವನ್ನೆಲ್ಲ ತೂಗಿ ನೋಡಿ ವಿದ್ವಾಂಸರು ‘ಸುಮಾರು ಕ್ರಿ.ಶ. 450’ ಎಂದರು. ಆ ಕಾಲದ ಬಗ್ಗೆ ಚರ್ಚೆಯೂ ಇದೆ. ನಾನು ಪಿಯುಸಿಯಲ್ಲಿದ್ದಾಗ ಉತ್ತರಪತ್ರಿಕೆಯಲ್ಲಿ ‘ಸುಮಾರು 450’ ಎಂದು ಬರೆದದ್ದಕ್ಕೆ ಮೇಷ್ಟ್ರು ಆ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದು ಅರ್ಧ ಅಂಕ ಕಳೆದರು. “ಗೊತ್ತಿದ್ರೆ ಸರಿಯಾಗಿ ಬರಿ” ಎಂದರು. ವಿದ್ವಾಂಸರ ವಿನಯವನ್ನು ಮಗುವಿನ ಅಜ್ಞಾನವೆಂದು ತಿಳಿದರಲ್ಲ! ಪಂಪನ ಆದಿಪುರಾಣದ ಮಾತು ಬೇರೆ. ಅಲ್ಲಿ ಕವಿಯೇ ಶಕವರ್ಷ ಹೇಳಿದ್ದಾನೆ. ಕ್ರಿ.ಶ. 941 ಎಂದು ಧಾರಾಳವಾಗಿ ಬರೆಯಿರಿ.

ಈಗಂತೂ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ನಾಲ್ಕು ಇಸವಿ ಕೊಟ್ಟು ಒಂದಕ್ಕೆ ಗುರುತು ಹಾಕು ಎನ್ನುತ್ತವೆ. ಟಿವಿಯವರು ಮೈದಾನದತ್ತ ಒಮ್ಮೆ ಕಣ್ಣಾಡಿಸಿ ‘ಒಂದು ಲಕ್ಷ ಜನ’ ಎಂದುಬಿಡುತ್ತಾರೆ. ಅಲ್ಲಿ ‘ಸುಮಾರು’ ಕೂಡ ಇರುವುದಿಲ್ಲ, ಕೇಳುವವರೂ ಇಲ್ಲ. ನಿಮ್ಮಂಥ ಚುರುಕುಗಣ್ಣಿನವರು ಅವರಿಗೂ ಒಂದು ಕಾಗದ ಹಾಕಬೇಕು.

ನಮ್ಮ ಪುಟಗಳಲ್ಲಿ ಇನ್ನು 347ರ ಹಿಂದೆ ‘ಸುಮಾರು’ ಬರುವುದಿಲ್ಲ. ಹಲ್ಮಿಡಿಯ 450ರ ಹಿಂದಿನಿಂದ ಅದನ್ನು ತೆಗೆಯುವುದೂ ಇಲ್ಲ.

— ಸಂ.