ಕೊನೆಯ ಪುಟವನ್ನು ಮೊದಲು ಓದುವವರಿಗೆ

ಪ್ರಶ್ನೆ: ನನಗೆ 52 ವರ್ಷ. ವಿಜಯಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ಅತ್ತೆಯವರನ್ನು ಮೂರು ವರ್ಷ ನೋಡಿಕೊಂಡೆ. ಕಳೆದ ದೀಪಾವಳಿಗೆ ಮುಂಚೆ ಅವರು ತೀರಿಕೊಂಡರು. ಈ ಬೇಸಿಗೆ ರಜೆಯಲ್ಲಿ ಯಾವ ಕೆಲಸಕ್ಕೂ ಮೈ ಏಳುತ್ತಿಲ್ಲ. ಶಾವಿಗೆ, ಸಂಡಿಗೆ, ಹಪ್ಪಳ ಏನನ್ನೂ ಮಾಡಿಲ್ಲ. ಪಡಸಾಲೆಯಲ್ಲಿ ಅತ್ತೆಯವರ ಮಂಚವಿದ್ದ ಮೂಲೆಯೇ ತಂಪು. ಮಧ್ಯಾಹ್ನ ಅಲ್ಲೇ ಚಾಪೆ ಹಾಸಿಕೊಂಡು ಗ್ರಂಥಾಲಯದಿಂದ ತಂದ ಪತ್ತೇದಾರಿ ಕಾದಂಬರಿ ಓದುತ್ತೇನೆ. ರಕ್ತಪಾತ, ಕ್ರೌರ್ಯ ಇರುವಂಥವು ನನಗೆ ಬೇಡ. ಒಂದು ಸಣ್ಣ ಊರು, ಒಬ್ಬರನ್ನೊಬ್ಬರು ಬಲ್ಲ ಜನ, ಅವರೊಳಗೇ ಒಬ್ಬ ಕೊಲೆಗಾರ, ಅಂಥ ಕಥೆಗಳು ಸಾಕು. ಅದೂ ಕೊನೆಯ ಪುಟವನ್ನು ಮೊದಲು ಓದಿ, ಆಮೇಲೆ ಶುರು ಮಾಡುತ್ತೇನೆ. ಮೊನ್ನೆ ಬಂದ ದೊಡ್ಡ ನಾದಿನಿ, ‘ಅವ್ವ ಹೋಗಿ ವರ್ಷ ತುಂಬಿಲ್ಲ, ನೀನು ಕೊಲೆಯ ಕಥೆ ಓದುತ್ತ ಮಲಗಿದ್ದೀಯಲ್ಲ’ ಎಂದರು. ಅಂದಿನಿಂದ ಪುಸ್ತಕ ಮುಟ್ಟಲು ಅಂಜಿಕೆ. ನನ್ನ ಮನಸ್ಸು ಕಲ್ಲಾಗಿದೆಯೇ?
– ಹೆಸರು ಬೇಡ, ವಿಜಯಪುರ

ಉತ್ತರ: ಸೋದರಿ, ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಕೊನೆಯ ಪುಟದ ಮಾತನ್ನು. ನೀವು ಅದನ್ನು ತಪ್ಪೊಪ್ಪಿಗೆಯಂತೆ ಬರೆದಿದ್ದೀರಿ. ನನಗೆ ಅದರಲ್ಲಿ ಆ ಮೂರು ವರ್ಷಗಳು ಕಂಡವು.

ಹಾಸಿಗೆ ಹಿಡಿದವರ ಪಕ್ಕದಲ್ಲಿ ಮಲಗುವವರಿಗೆ ನಿದ್ದೆಯಲ್ಲೂ ಒಂದು ಕಿವಿ ಎಚ್ಚರವಾಗಿರುತ್ತದೆ. ಉಸಿರು ಜೋರಾದರೆ ಎದ್ದು ಕೂರಬೇಕು, ಸದ್ದು ಅಡಗಿದರಂತೂ ಎದೆ ಧಸಕ್ಕೆನ್ನುತ್ತದೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಗಂಜಿ ಗಂಟಲಿಗೆ ಸಿಕ್ಕಿಕೊಳ್ಳದಂತೆ ಚಮಚ ಓರೆ ಮಾಡಿ ಕುಡಿಸಬೇಕು, ಅದೆಲ್ಲ ಮುಗಿಸಿ ಶಾಲೆಗೆ ಓಡಬೇಕು. ಇದು ಎಂದು ಮುಗಿಯುತ್ತದೆ ಎಂದು ಬಾಯಿಬಿಟ್ಟು ಯಾರನ್ನೂ ಕೇಳುವಂತಿಲ್ಲ. ಕೇಳಿದರೆ ಅವರ ಸಾವನ್ನೇ ಬಯಸಿದಂತಾಗುತ್ತದೆ. ಕೊನೆ ಗೊತ್ತಿಲ್ಲದೆ ಅಷ್ಟು ದಿನ ಕಳೆದವರು, ಕೈಗೆ ಬಂದ ಪುಸ್ತಕದ ಕೊನೆಯನ್ನು ಮೊದಲೇ ನೋಡಿಕೊಂಡರೆ ಅದರಲ್ಲಿ ಯಾವ ತಪ್ಪೂ ಇಲ್ಲ. ನಿಮಗೆ ಬೇಕಿರುವುದು ಕುತೂಹಲವಲ್ಲ, ನೆಮ್ಮದಿ. ಇಂಥ ಕಥೆಯಲ್ಲಿ ಸಾವಿಗೆ ಒಂದು ಕಾರಣ ಇರುತ್ತದೆ, ಆ ಕಾರಣ ಯಾರಿಗಾದರೂ ತಿಳಿದೇ ತಿಳಿಯುತ್ತದೆ. ನಿಮ್ಮ ಅತ್ತೆಯವರಿಗೇ ಏಕೆ ಹಾಗಾಯಿತು ಎಂಬುದಕ್ಕೆ ಯಾರೂ ನಿಮಗೆ ಅಂಥ ಉತ್ತರ ಕೊಡಲಿಲ್ಲ, ಅಲ್ಲವೇ?

ಇದು ನಿಮ್ಮೊಬ್ಬರ ವಿಚಿತ್ರವೂ ಅಲ್ಲ. ಇಂಗ್ಲೆಂಡಿನಲ್ಲಿ ಇಂಥ ಕಾದಂಬರಿಗಳು ಹುಲುಸಾಗಿ ಬೆಳೆದದ್ದು 1920 ಮತ್ತು 30ರ ದಶಕಗಳಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲೆ. ಮಗನನ್ನೋ ಅಣ್ಣನನ್ನೋ ಕಳೆದುಕೊಂಡ ಮನೆಗಳಲ್ಲಿ ಜನ ಇವನ್ನು ಓದಿದರು. ಬರೆದವರಲ್ಲಿ ಎಲ್ಲರಿಗಿಂತ ಹೆಸರಾದ ಅಗಾಥಾ ಕ್ರಿಸ್ಟಿ ಆ ಯುದ್ಧದ ದಿನಗಳಲ್ಲಿ ತಮ್ಮೂರಿನ ಆಸ್ಪತ್ರೆಯಲ್ಲಿ ಗಾಯಗೊಂಡ ಸೈನಿಕರ ಆರೈಕೆ ಮಾಡಿದವರು, ಆಮೇಲೆ ಅಲ್ಲೇ ಔಷಧ ವಿಭಾಗದಲ್ಲಿ ದುಡಿದವರು. 1920ರಲ್ಲಿ ಹೊರಬಂದ ಅವರ ಮೊದಲ ಪತ್ತೇದಾರಿ ಕಾದಂಬರಿಯನ್ನು ಬರೆದದ್ದು ಆ ಯುದ್ಧ ನಡೆಯುತ್ತಿರುವಾಗಲೇ. ಹಗಲೆಲ್ಲ ರೋಗಿಗಳ ಸೇವೆ ಮಾಡಿದ ಹೆಂಗಸಿಗೆ ಇಂಥ ಕಥೆ ಬರೆಯಬೇಕೆನಿಸಿತು. ನಿಮಗೆ ಓದಬೇಕೆನಿಸಿದರೆ ಯಾರೇಕೆ ಹುಬ್ಬೇರಿಸಬೇಕು?

ಇನ್ನು ಮೈ ಏಳದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ ಎಂದೇ ವಿಜಯಪುರ, ಬಾಗಲಕೋಟೆ ಮತ್ತು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸುತ್ತಾರೆ. ಗಂಡಸರು ಮನೆಗೆ ಬಂದು, ಉಂಡು, ಫ್ಯಾನಿನ ಕೆಳಗೆ ಅಡ್ಡಾಗುತ್ತಾರೆ. ಅದಕ್ಕೆ ಸೋಮಾರಿತನ ಎಂದು ಯಾರೂ ಹೆಸರಿಡುವುದಿಲ್ಲ. ಅದೇ ಬಿಸಿಲಿನಲ್ಲಿ ಹೆಂಗಸರು ಮಾಳಿಗೆ ಹತ್ತಿ ಸಂಡಿಗೆ ಹಾಕಬೇಕು, ಕಾಗೆ ಕಾಯಬೇಕು. ಒಂದು ವರ್ಷ ಹಾಕದಿದ್ದರೆ ಏನಾಯಿತು? ಹೆಂಗಸಿನ ಕೈಗೆ ಮಾತ್ರ ಬಿಡುವಿನ ಹೊತ್ತು ಏಕಿಲ್ಲ ಎಂದು ನನಗೆ ಈ ವಯಸ್ಸಿನಲ್ಲೂ ಸಿಟ್ಟು ಬರುತ್ತದೆ.

ನಮ್ಮ ಚಿಕ್ಕಮ್ಮ ಒಬ್ಬರಿದ್ದರು. ಹನ್ನೆರಡು ಜನರ ಮನೆ. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಕಿಟಕಿಗೆ ಗೋಣಿತಾಟು ಕಟ್ಟಿ, ಅದಕ್ಕೆ ನೀರು ಚಿಮುಕಿಸಿ, ಸುತ್ತಿಟ್ಟ ಹಾಸಿಗೆಯೊಳಗಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತೆಗೆಯುತ್ತಿದ್ದರು. ಒದ್ದೆ ಗೋಣಿಯ ವಾಸನೆ, ಬೆಳಕಿಂಡಿಯಿಂದ ಪುಟದ ಮೇಲೆ ಬೀಳುವ ಒಂದು ತುಂಡು ಬಿಸಿಲು. ಬಿಸಿಲು ಸರಿದಂತೆ ಅವರೂ ಚಾಪೆಯನ್ನು ಸರಿಸಿಕೊಳ್ಳುತ್ತಿದ್ದರು. ಹೊರಗೆ ಚಪ್ಪಲಿಯ ಸದ್ದಾದರೆ ಪುಸ್ತಕ ಮತ್ತೆ ಹಾಸಿಗೆಯೊಳಗೆ. ಓದಿ ಮುಗಿಸಿದ ಪುಸ್ತಕದ ಬಗ್ಗೆ ಅವರು ಯಾರೊಡನೆಯೂ ಮಾತನಾಡಿದ್ದನ್ನು ನಾನು ಕೇಳಲಿಲ್ಲ. ನಾನು ಚಿಕ್ಕವಳು, ಕೇಳಬೇಕೆಂದು ನನಗೂ ತೋಚಲಿಲ್ಲ. ಅದು ಇಂದಿಗೂ ನನ್ನನ್ನು ಕೊರೆಯುತ್ತದೆ. ದಯವಿಟ್ಟು ನೀವು ಪುಸ್ತಕ ಬಚ್ಚಿಡಬೇಡಿ.

ಒಂದು ಮಾತನ್ನು ಮಾತ್ರ ಗಮನದಲ್ಲಿಡಿ. ಓದುವುದರಲ್ಲೂ ರುಚಿ ಹೋದರೆ, ಊಟ ಸೇರದಿದ್ದರೆ, ಇಡೀ ರಾತ್ರಿ ಕಣ್ಣು ಮುಚ್ಚದೆ ವಾರಗಳು ಕಳೆದರೆ, ಅದನ್ನು ಬೇಸಿಗೆಯ ಆಯಾಸವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ. ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ನಿಮ್ಮ ನಾದಿನಿಯ ಮೇಲೆ ಮುನಿಸಿಕೊಳ್ಳಬೇಡಿ. ಆ ಮೂಲೆಯಲ್ಲಿ ಅವರು ಹುಡುಕಿದ್ದು ಅವ್ವನ ಮಂಚವನ್ನು, ಕಂಡದ್ದು ನಿಮ್ಮ ಚಾಪೆ. ಮೂರು ವರ್ಷ ನೀವು ಅವ್ವನ ಜೊತೆಗಿದ್ದಿರಿ, ಅವರು ಬಂದು ಹೋಗುತ್ತಿದ್ದರು. ಅವರ ಮಾತಿನ ಬಿರುಸಿನಲ್ಲಿ ಆ ಸಂಕಟವೂ ಇರಬಹುದು. ವಾದ ಮಾಡಿ ಅದನ್ನು ಕಳೆಯಲಾಗದು. ಅದರ ಬದಲು, ‘ಅಕ್ಕಾ, ನನ್ನೊಬ್ಬಳ ಕೈಲಿ ಆಗುತ್ತಿಲ್ಲ, ನೀವು ಬಂದರೆ ಒಂದೇ ಒಂದು ಸೇರು ಶಾವಿಗೆ ಮಾಡೋಣ’ ಎಂದು ಫೋನ್ ಮಾಡಿ. ಅದೂ ನಿಮಗೆ ಮನಸ್ಸಾದ ದಿನ, ಬೆಳಗಿನ ತಂಪಿನಲ್ಲಿ. ಅವ್ವ ಹಿಟ್ಟು ನಾದುತ್ತಿದ್ದ ಹದ ಅವರಿಗೊಂದು ಬಗೆಯಲ್ಲಿ ನೆನಪಿರುತ್ತದೆ, ನಿಮಗೊಂದು ಬಗೆಯಲ್ಲಿ. ಆ ಹದದ ಬಗ್ಗೆ ಇಬ್ಬರೂ ತುಸು ಜಗಳವಾಡಿದರೂ ಚಿಂತೆಯಿಲ್ಲ, ಮನೆಯಲ್ಲಿ ಅವ್ವನ ಮಾತು ಬರುತ್ತದೆ. ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಬಿಟ್ಟ ಹೊತ್ತಿನಲ್ಲಿ ಇಬ್ಬರಿಗೂ ಮಜ್ಜಿಗೆ ತಂದು, ಈಗ ಓದುತ್ತಿರುವ ಕಥೆಯನ್ನು ಅವರಿಗೆ ಹೇಳಿ. ಆ ಊರು, ಆ ಮನೆ, ಆ ಜನ, ಒಬ್ಬೊಬ್ಬರ ಸ್ವಭಾವ, ಎಲ್ಲವನ್ನೂ ನಿಧಾನವಾಗಿ. ಕೊಲೆ ನಡೆದ ಜಾಗಕ್ಕೆ ಬಂದಾಗ ಹಿಟ್ಟು ನೋಡಲು ಎದ್ದುಬಿಡಿ. ‘ಯಾರು ಮಾಡಿದ್ದು?’ ಎಂದು ಅವರು ಹಿಂದೆಯೇ ಬಂದು ಕೇಳಿದರೆ, ನಿಮಗೆ ಉತ್ತರ ಮೊದಲೇ ಗೊತ್ತಿರುತ್ತದೆ.