ಗಾಫ್ ಕೈಯ ಚೆಂಡು, ಟ್ರಾಯ್ ಊರಿನ ಹಿಮ

ನಮಸ್ಕಾರ. ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಮುಜುಗರವಾಯಿತು. ನಗು ಬಂದದ್ದು ಹಿಮದ ವಿಷಯಕ್ಕೆ. ಮುಜುಗರ ಆದದ್ದು ನಾನೇ ಬರೆದ ಸಾಲಿಗೆ.

ಪತ್ರ ನೋಡದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಸಣ್ಣದೊಂದು ಟಿಪ್ಪಣಿ ಹಾಕಿದ್ದೆ. 2025ರ ಜನವರಿ 18ರಂದು ಡೆಟ್ರಾಯ್ಟ್ ಲಯನ್ಸ್ ತಂಡ ತನ್ನದೇ ಫೋರ್ಡ್ ಫೀಲ್ಡ್‌ನಲ್ಲಿ ವಾಷಿಂಗ್ಟನ್ ಕಮಾಂಡರ್ಸ್ ಕೈಲಿ 45-31ರಿಂದ ಸೋತು ಪ್ಲೇಆಫ್‌ನಿಂದ ಹೊರಗೆ ಬಿತ್ತಲ್ಲ, ಅದರ ಬಗ್ಗೆ. 'ಐದು ಸಲ ಎದುರಾಳಿಗೆ ಚೆಂಡು ಕೊಟ್ಟರು, ಅದರಲ್ಲಿ ನಾಲ್ಕು ಜೇರೆಡ್ ಗಾಫ್ ಕೈಯಿಂದ ಹೋದವು, ಅಲ್ಲಿಗೆ ಕತೆ ಮುಗಿಯಿತು' ಅಂತ ಮುಗಿಸಿದ್ದೆ. ಮಿಷಿಗನ್ನಿನ ಟ್ರಾಯ್ ಊರಲ್ಲಿರುವ ಈ ಓದುಗರು ಅದಕ್ಕೆ ನಾಲ್ಕು ಪುಟ ಉತ್ತರ ಬರೆದಿದ್ದಾರೆ. ಇದೇ ಗಾಫ್ ನವೆಂಬರ್‌ನಲ್ಲಿ ಐದು ಇಂಟರ್‌ಸೆಪ್ಷನ್ ಕೊಟ್ಟು ಗೆದ್ದಾಗ ಎಲ್ಲಿ ಹೋಗಿದ್ದಿರಿ, 45 ಪಾಯಿಂಟ್ ಬಿಟ್ಟುಕೊಟ್ಟದ್ದು ಅವನಾ, ಅನ್ನೋದು ಅವರ ಪ್ರಶ್ನೆ. ಅವರ ಭಾವಮೈದುನ ಮಾತ್ರ ನನ್ನ ಪಕ್ಷ. ಗಾಫ್ ಲೀಗ್ ಪಂದ್ಯಕ್ಕೆ ಸರಿ, ಪ್ಲೇಆಫ್ ಬಂದರೆ ಕೈ ನಡುಗುತ್ತೆ ಅಂತ ಅವರ ವಾದ. ಇಬ್ಬರೂ ಪಂದ್ಯ ಕಟ್ಟಿದ್ದಾರೆ. ತೀರ್ಪು ಸಂಪಾದಕರದು, ಸೋತವರು ಗೆದ್ದವರ ಮನೆ ಮುಂದಿನ ಹಿಮ ಎತ್ತಬೇಕು. ಬೆಂಗಳೂರಲ್ಲಿ ಕೂತು ಹಿಮವನ್ನು ಫ್ರಿಜ್‌ನಲ್ಲಿ ಮಾತ್ರ ನೋಡುವ ನನಗೆ ಎಂಥಾ ಜವಾಬ್ದಾರಿ ಕೊಟ್ಟಿರಿ ಮಾರಾಯರೆ.

ಈ ಆಟ ನೋಡದವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆಯುವವನು, ಲಯನ್ಸ್‌ಗೆ ಈ ಗಾಫ್. ಹೆಚ್ಚುಕಡಿಮೆ ಪ್ರತಿ ಸಲ ಚೆಂಡು ಅವನ ಕೈಗೇ ಬರುತ್ತದೆ. ಅವನು ಎಸೆದದ್ದನ್ನು ಎದುರಾಳಿ ಹಿಡಿದರೆ ಇಂಟರ್‌ಸೆಪ್ಷನ್. ಕೈಯಿಂದ ಜಾರಿಬಿದ್ದರೆ ಫಂಬಲ್. ಜಾರಿದ್ದನ್ನು ಎದುರಾಳಿ ಬಾಚಿಕೊಂಡರೆ ಅದೂ ಟರ್ನ್‌ಓವರ್. ಐಪಿಎಲ್‌ನಲ್ಲಿ ಮೇಲಿನ ಎರಡು ತಂಡಕ್ಕೆ ಸೋತರೂ ಇನ್ನೊಂದು ಅವಕಾಶ ಇರುತ್ತದೆ, ಅಲ್ವಾ? ಇಲ್ಲಿ ಅದಿಲ್ಲ. ಒಂದು ಸೋತರೆ ಗಂಟುಮೂಟೆ ಕಟ್ಟಿ ಮನೆಗೆ. 15 ಗೆದ್ದು 2 ಮಾತ್ರ ಸೋತು ಅಗ್ರಸ್ಥಾನದಲ್ಲಿದ್ದ ಲಯನ್ಸ್‌ಗೂ ಅಷ್ಟೇ.

ಈಗ ನೀವು ಎತ್ತಿದ ನವೆಂಬರ್ ಪಂದ್ಯ, ಹ್ಯೂಸ್ಟನ್ ಜೊತೆಗಿನದು. ಒಪ್ಪಿದೆ, ಅದನ್ನು ನಾನು ಮರೆತೇ ಬರೆದಿದ್ದೆ. 2024ರ ನವೆಂಬರ್ 10. ಐದು ಇಂಟರ್‌ಸೆಪ್ಷನ್. ಅರ್ಧ ಆಟಕ್ಕೆ ಹ್ಯೂಸ್ಟನ್ 23, ಲಯನ್ಸ್ 7. ಆಮೇಲೆ ಹ್ಯೂಸ್ಟನ್‌ಗೆ ಒಂದೇ ಒಂದು ಪಾಯಿಂಟ್ ಸಿಗಲಿಲ್ಲ. ಲಯನ್ಸ್ ಪರ ಚೆಂಡು ಒದೆಯುವ ಜೇಕ್ ಬೇಟ್ಸ್ 58 ಯಾರ್ಡ್‌ನಿಂದ ಒದ್ದು ಸಮ ಮಾಡಿದ, ಕೊನೇ ಸೆಕೆಂಡಿಗೆ 52 ಯಾರ್ಡ್‌ನಿಂದ ಒದ್ದು 26-23ಕ್ಕೆ ಗೆಲ್ಲಿಸಿದ. (ಈ ಬೇಟ್ಸ್ ಸ್ವಲ್ಪ ಹಿಂದೆ ಅದೇ ಹ್ಯೂಸ್ಟನ್ ಕಡೆ ಇಟ್ಟಿಗೆ ಮಾರುವ ಕೆಲಸದಲ್ಲಿದ್ದವನು. ಇಂಥ ಕತೆ ಸಿಕ್ಕರೆ ನಮಗೆ ಕ್ವಾರ್ಟರ್‌ಬ್ಯಾಕ್ ಯಾಕೆ ಬೇಕು ಹೇಳಿ.) ನೀವು ಹೇಳದೆ ಬಿಟ್ಟ ಇನ್ನೊಂದಿದೆ. ಜನವರಿ 5ರಂದು ಮಿನೆಸೋಟ ಮೇಲೆ ಗಾಫ್ ಎರಡು ಇಂಟರ್‌ಸೆಪ್ಷನ್ ಕೊಟ್ಟ. ಲಯನ್ಸ್ 31-9ರಿಂದ ಗೆದ್ದರು. ಮಾರನೇ ದಿನ ಆ ಎರಡರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಗೆದ್ದ ಮನೇಲಿ ಒಡೆದ ಲೋಟ ಲೆಕ್ಕಕ್ಕೆ ಬರೋದಿಲ್ಲ.

ಅಂದರೆ ಡಿಫೆನ್ಸ್, ಎದುರಾಳಿಯನ್ನು ತಡೆಯುವ ಬಳಗ, ಸಾಲ ತೀರಿಸುತ್ತಿತ್ತು. ಗಾಫ್ ಸಾಲ ಮಾಡುತ್ತಿದ್ದ, ಅವರು ಕಟ್ಟುತ್ತಿದ್ದರು. ಜನವರಿ 18ರ ಹೊತ್ತಿಗೆ ಕಟ್ಟುವವರ ಜೇಬು ಖಾಲಿಯಾಗಿತ್ತು. ಏಡನ್ ಹಚಿನ್ಸನ್ ಅಕ್ಟೋಬರ್‌ನಲ್ಲೇ ಕಾಲು ಮುರಿದುಕೊಂಡು ಹೊರಗಿದ್ದ. ಡಿಸೆಂಬರ್‌ನಲ್ಲಿ ಬಫಲೋ ಜೊತೆಗಿನ ಒಂದೇ ಪಂದ್ಯದಲ್ಲಿ ಅಲೀಮ್ ಮೆಕ್‌ನೀಲ್ ಮಂಡಿ ಹೋಯಿತು, ಕಾರ್ಲ್‌ಟನ್ ಡೇವಿಸ್ ದವಡೆ ಮುರಿಯಿತು. ಅಳಿದುಳಿದವರಲ್ಲಿ ಒಬ್ಬನಾದ ಅಮಿಕ್ ರಾಬರ್ಟ್‌ಸನ್ ವಾಷಿಂಗ್ಟನ್ ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ಕೈ ಮುರಿದುಕೊಂಡ. ಇಷ್ಟಾದ ಮೇಲೆ ಎದುರಿಗೆ ಬಂದವನು ವಾಷಿಂಗ್ಟನ್‌ನ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್, ಮೊದಲ ವರ್ಷದ ಹುಡುಗ. ಆ ರಾತ್ರಿ ಅವನು ಒಂದು ಸಲವೂ ಚೆಂಡು ಕೊಡಲಿಲ್ಲ.

ಇಲ್ಲಿವರೆಗೆ ನೀವು ಗೆಲ್ಲುತ್ತಿದ್ದೀರಿ. ಭಾವಮೈದುನರು ಸಲಿಕೆ ಹುಡುಕಿಡಲಿ ಅಂತ ನೀವು ಹೇಳುವ ಮೊದಲು ಇನ್ನೊಂದು ಸ್ವಲ್ಪ ಕೇಳಿ.

ಆ ಪಂದ್ಯ ನಾನು ನೇರವಾಗಿ ನೋಡಿದೆ. ನಿಮಗೆ ಶನಿವಾರ ರಾತ್ರಿ ಎಂಟು, ನಮಗೆ ಭಾನುವಾರ ಬೆಳಗ್ಗೆ ಆರೂವರೆ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಅಡುಗೆಮನೆಯಲ್ಲೇ ಕೂತಿದ್ದೆ, ಮನೆಯವರು ಇಡ್ಲಿ ಹಿಟ್ಟು ಹುಯ್ಯುತ್ತಾ ಆಗಾಗ ಬಗ್ಗಿ ನೋಡಿ 'ಇದೇನು ಕುಸ್ತಿನಾ' ಅನ್ನುತ್ತಿದ್ದರು. ಎರಡನೇ ಕ್ವಾರ್ಟರ್. ಲಯನ್ಸ್ 14-10 ಮುಂದಿದ್ದಾರೆ. ವಾಷಿಂಗ್ಟನ್‌ನ ಟೆರಿ ಮೆಕ್‌ಲಾರಿನ್ ಪಕ್ಕದಲ್ಲೇ ಸಿಕ್ಕ ಸಣ್ಣ ಪಾಸ್ ಹಿಡಿದು 58 ಯಾರ್ಡ್ ಓಡಿಬಿಟ್ಟ, 17-14. ಅದು ಡಿಫೆನ್ಸ್ ತಪ್ಪು, ಗಾಫ್ ಆಗ ಬೆಂಚಿನ ಮೇಲಿದ್ದ. ಅದರ ಬೆನ್ನಿಗೇ ಗಾಫ್ ಎಸೆದದ್ದನ್ನು ಕ್ವಾನ್ ಮಾರ್ಟಿನ್ ಹಿಡಿದು 40 ಯಾರ್ಡ್ ವಾಪಸ್ ಓಡಿ ಟಚ್‌ಡೌನ್ ಮಾಡಿದ, ಅಂದರೆ ಚೆಂಡಿನ ಜೊತೆ ಕೊನೇ ಗೆರೆ ದಾಟಿದ, 24-14. ಮೊದಲ ಇಡ್ಲಿ ತಟ್ಟೆಗೆ ಬಿದ್ದದ್ದೂ ನನಗೆ ಗೊತ್ತಾಗಲಿಲ್ಲ. ಓಟದ ನಡುವೆ ಫ್ರಾಂಕಿ ಲೂವು ಗಾಫ್‌ನನ್ನು ಎಂಥಾ ಹೊಡೆತ ಹೊಡೆದ ಅಂದರೆ, ತಲೆಗೆ ಪೆಟ್ಟಾಗಿದೆಯಾ ಅಂತ ನೋಡಲು ಅವನನ್ನು ಒಳಗೆ ಕರೆದುಕೊಂಡು ಹೋದರು. ಬದಲಿಗೆ ಟೆಡ್ಡಿ ಬ್ರಿಜ್‌ವಾಟರ್ ಬಂದ. ಈ ಟೆಡ್ಡಿ ಡಿಸೆಂಬರ್‌ನಲ್ಲಿ ಮಯಾಮಿಯ ಹೈಸ್ಕೂಲ್ ಹುಡುಗರಿಗೆ ಕೋಚ್ ಆಗಿ ರಾಜ್ಯ ಪ್ರಶಸ್ತಿ ಗೆಲ್ಲಿಸಿ ನೇರ ಇಲ್ಲಿಗೆ ಬಂದವನು. ಅವನಿದ್ದಾಗಲೇ ಜೇಮ್ಸನ್ ವಿಲಿಯಮ್ಸ್ 61 ಯಾರ್ಡ್ ಓಡಿ ಟಚ್‌ಡೌನ್ ಮಾಡಿ ಉಸಿರು ಕೊಟ್ಟ. ವಾಷಿಂಗ್ಟನ್ ಮತ್ತೆ ಒಂದು ಹೊಡೆದರು. ಗಾಫ್ ವಾಪಸ್ ಬಂದ. ಅರ್ಧ ಆಟ ಮುಗಿಯುವ ಹೊತ್ತಿಗೆ ಎಂಡ್ ಝೋನ್‌ಗೆ (ಆ ಗೆರೆಯಾಚೆಗಿನ ಜಾಗಕ್ಕೆ) ಎಸೆದ, ಮೈಕ್ ಸೇನ್‌ರಿಸ್ಟಿಲ್ ಹಿಡಿದ. 31-21.

ಇನ್ನು ಪಂದ್ಯದ ಶುರುವಿನಲ್ಲಿ ಆದ ಫಂಬಲ್ ಇದೆ. ಲಯನ್ಸ್ ಚೆನ್ನಾಗಿ ಮುಂದೆ ಹೋಗಿ ವಾಷಿಂಗ್ಟನ್ ಅಂಗಳ ಸೇರಿದ್ದರು. ಡೊರಾನ್ಸ್ ಆರ್ಮ್‌ಸ್ಟ್ರಾಂಗ್ ಬಂದು ಗಾಫ್ ಕೈಯಿಂದ ಚೆಂಡು ಕೆಡವಿದ.

ಲೆಕ್ಕ ಹಾಕೋಣ. ಫಂಬಲ್ ಆದ ಜಾಗದಿಂದ ಸುಮ್ನೆ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದೆಯೋದು) ಒದ್ದಿದ್ದರೂ 3. ಎಂಡ್ ಝೋನ್ ಹತ್ತಿರ ಹೋಗಿ ಕೊಟ್ಟದ್ದಕ್ಕೆ ಇನ್ನೊಂದು 3. ಮಾರ್ಟಿನ್ ಓಡಿದ್ದಕ್ಕೆ 7. ಕಡಿಮೆ ಅಂದರೂ 13. ಸೋತದ್ದು 14ರಿಂದ. ಅವನ ಮೂರನೇ ಇಂಟರ್‌ಸೆಪ್ಷನ್ ಆಟ ಕೈಬಿಟ್ಟ ಮೇಲೆ ಬಂದದ್ದು, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳೋದಿಲ್ಲ. ನಾಲ್ಕು ಅಂತ ಎಣಿಸಿ ಬರೆದೆನಲ್ಲ, ಅಲ್ಲೇ ನಾನು ಎಡವಿದ್ದು. ಒಂದಕ್ಕೆ ಬೆಲೆಯೇ ಇಲ್ಲ, ಒಂದು ಏಳು ಪಾಯಿಂಟ್ ತಿಂದಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿಬಿಟ್ಟೆ. ಐದನೆಯದಂತೂ ಗಾಫ್ ಕೈಯದೇ ಅಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ ಲಯನ್ಸ್ ಕಣ್ಕಟ್ಟಿನ ಪ್ಲೇ ಮಾಡಲು ಹೋಗಿ, ಎಸೆಯುವುದು ಕಸುಬೇ ಅಲ್ಲದ ವಿಲಿಯಮ್ಸ್ ಕೈಲಿ ಎಸೆಸಿದರು. ಅದೂ ಸೇನ್‌ರಿಸ್ಟಿಲ್‌ಗೇ ಸಿಕ್ಕಿತು. 521 ಯಾರ್ಡ್ ಮುಂದೆ ಹೋದ ತಂಡ ಅದು. ವಾಷಿಂಗ್ಟನ್‌ಗೆ ಸಿಕ್ಕದ್ದು 481. ಇಷ್ಟು ಚೆನ್ನಾಗಿ ಓಡುತ್ತಿದ್ದ ಗಾಡಿಗೆ ಆ ಹೊತ್ತಲ್ಲಿ ಸರ್ಕಸ್ ಯಾಕೆ ಬೇಕಿತ್ತೋ, ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ನಿಮ್ಮ ಭಾವಮೈದುನರ ಮಾತಿಗೆ ಬರುತ್ತೇನೆ. 'ಪ್ಲೇಆಫ್ ಅಂದರೆ ಕೈ ನಡುಗುತ್ತೆ.' ಇದು ಸುಳ್ಳು, ಅವರಿಗೆ ನೇರವಾಗಿ ಹೇಳಿ. 2024ರ ಜನವರಿಯಲ್ಲಿ ಇದೇ ಗಾಫ್ ಮೂರು ಪ್ಲೇಆಫ್ ಪಂದ್ಯ ಆಡಿದ, ಒಂದೂ ಇಂಟರ್‌ಸೆಪ್ಷನ್ ಕೊಡಲಿಲ್ಲ. ಮೊದಲನೆಯದರಲ್ಲಿ, ತನ್ನನ್ನು ಬೇಡ ಅಂತ ಕಳಿಸಿದ್ದ ರಾಮ್ಸ್ ತಂಡವನ್ನೇ 24-23ರಿಂದ ಸೋಲಿಸಿದ. ಡೆಟ್ರಾಯ್ಟ್‌ಗೆ 32 ವರ್ಷದ ಮೇಲೆ ಸಿಕ್ಕ ಪ್ಲೇಆಫ್ ಗೆಲುವು ಅದು. ಊರಿಗೆ ಊರೇ ಅವನ ಹೆಸರು ಕೂಗಿದ್ದು ಭಾವಮೈದುನರಿಗೆ ನೆನಪಿಲ್ಲವಾ? ಮೂರನೆಯದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅರ್ಧ ಆಟಕ್ಕೆ 24-7 ಮುಂದಿದ್ದು 34-31ಕ್ಕೆ ಸೋತರು. ಅಲ್ಲಿ ಚೆಂಡು ಕೆಡವಿದವನು ಜಮೀರ್ ಗಿಬ್ಸ್, ಕೈಗೆ ಬಂದದ್ದನ್ನು ಬಿಟ್ಟವನು ಜಾಶ್ ರೆನಾಲ್ಡ್ಸ್, ಎರಡು ಸಲ ಫೀಲ್ಡ್ ಗೋಲ್ ಬಿಟ್ಟು ನಾಲ್ಕನೇ ಡೌನ್, ಅಂದರೆ ಕೊನೇ ಪ್ರಯತ್ನ, ಆಡಿಸಿದವನು ಕೋಚ್ ಡ್ಯಾನ್ ಕ್ಯಾಂಪ್‌ಬೆಲ್. ಗಾಫ್ ಒಂದೂ ಇಂಟರ್‌ಸೆಪ್ಷನ್ ಕೊಡದೆ ಸೋತ. ಬಿದ್ದವನಿಗೆ ಆಳಿಗೊಂದು ಕಲ್ಲು ಅಂತಾರಲ್ಲ, ಕ್ವಾರ್ಟರ್‌ಬ್ಯಾಕ್ ಬಿದ್ದಾಗ ಕಲ್ಲು ಇನ್ನೂ ಜಾಸ್ತಿ.

ಬೇರೆ ತಂಡಗಳನ್ನೂ ನೋಡಿ. 2023ರ ಜನವರಿಯಲ್ಲಿ ಜ್ಯಾಕ್ಸನ್‌ವಿಲ್‌ನ ಟ್ರೆವರ್ ಲಾರೆನ್ಸ್ ಮೊದಲರ್ಧದಲ್ಲೇ ನಾಲ್ಕು ಇಂಟರ್‌ಸೆಪ್ಷನ್ ಕೊಟ್ಟ, ತಂಡ 27-0 ಹಿಂದೆ ಬಿತ್ತು. 31-30ಕ್ಕೆ ಗೆದ್ದರು. ಸೋತವರು ಚಾರ್ಜರ್ಸ್. ಎರಡು ವರ್ಷ ಕಳೆದು ಅದೇ ಚಾರ್ಜರ್ಸ್‌ನ ಜಸ್ಟಿನ್ ಹರ್ಬರ್ಟ್, ಇಡೀ ಲೀಗ್‌ನಲ್ಲಿ ಬರೀ ಮೂರು ಇಂಟರ್‌ಸೆಪ್ಷನ್ ಕೊಟ್ಟವನು, ಒಂದೇ ಪ್ಲೇಆಫ್ ಪಂದ್ಯದಲ್ಲಿ ನಾಲ್ಕು ಕೊಟ್ಟು 32-12ಕ್ಕೆ ಸೋತ. ಇವನ ನಾಲ್ಕು ಮುಳುಗಿಸಿತು, ಅವನ ನಾಲ್ಕು ಮುಳುಗಿಸಲಿಲ್ಲ.

ನನಗೆ ಯಾವಾಗಲೂ ನೆನಪಾಗೋದು 2015ರ ಜನವರಿ 18. ಸಿಯಾಟಲ್‌ನ ರಸೆಲ್ ವಿಲ್ಸನ್ ನಾಲ್ಕು ಇಂಟರ್‌ಸೆಪ್ಷನ್ ಕೊಟ್ಟ ಪಂದ್ಯ. ಎದುರಿಗಿದ್ದ ಗ್ರೀನ್ ಬೇ ಮಾಡಿದ್ದೇನು? ಗೆರೆಗೆ ಕೈಯಳತೆ ದೂರದವರೆಗೆ ಹೋಗಿ, ಎರಡು ಸಲ ಧೈರ್ಯ ಸಾಲದೆ ಫೀಲ್ಡ್ ಗೋಲ್ ಒದ್ದು ಮೂರು ಮೂರು ಪಾಯಿಂಟ್ ಜೇಬಿಗಿಳಿಸಿಕೊಂಡು ಬಂದರು. ಅರ್ಧ ಆಟಕ್ಕೆ 16-0. ಅದು 24-0 ಆಗಬಹುದಿತ್ತು. ಕೊನೆಗೆ ಸಿಯಾಟಲ್ ಓವರ್‌ಟೈಮ್‌ನಲ್ಲಿ 28-22ಕ್ಕೆ ಗೆದ್ದರು. ಕೊಟ್ಟ ಚೆಂಡಿನ ಬೆಲೆ ಕಟ್ಟುವವನು ಪಡೆದವನು. ಗ್ರೀನ್ ಬೇ ಅಗ್ಗಕ್ಕೆ ಮಾರಿಕೊಂಡರು. ವಾಷಿಂಗ್ಟನ್ ಹಾಗೆ ಮಾಡಲಿಲ್ಲ.

ವಾಷಿಂಗ್ಟನ್ ಕತೆಯೂ ಮುಂದೆ ಏನಾಯಿತು ಗೊತ್ತಲ್ಲ. ಡೆಟ್ರಾಯ್ಟ್‌ನಲ್ಲಿ ಒಂದೂ ಚೆಂಡು ಕೊಡದವರು ಮುಂದಿನ ಭಾನುವಾರ ಫಿಲಡೆಲ್ಫಿಯಾದಲ್ಲಿ ನಾಲ್ಕು ಕೊಟ್ಟರು, 55-23ಕ್ಕೆ ಸೋತರು. ಆ ನಾಲ್ಕರಲ್ಲಿ ಮೂರು ಬೇರೆಯವರ ಕೈಯಿಂದ ಜಾರಿದ್ದು, ಡೇನಿಯಲ್ಸ್‌ದಲ್ಲ. ಅದೇ ಫಿಲಡೆಲ್ಫಿಯಾ ಫೆಬ್ರವರಿ 9ರ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನಂಥವನನ್ನೇ ಆರು ಸಲ ನೆಲಕ್ಕೆ ಕೆಡವಿ, ಎರಡು ಇಂಟರ್‌ಸೆಪ್ಷನ್, ಒಂದು ಫಂಬಲ್ ಕಿತ್ತುಕೊಂಡಿತು. 40-22. ಅವನ ಕೈಯೂ ನಡುಗಿತು ಅಂತ ನಿಮ್ಮ ಭಾವಮೈದುನರು ಹೇಳುತ್ತಾರಾ? ಮುಂದೆ ನಿಂತು ಕಾಯಬೇಕಾದ ಐದು ಜನ ಕಾಯಲಿಲ್ಲ. ಗಾಫ್ ವಿಷಯದಲ್ಲಿ ಇದು ಇನ್ನೂ ಜಾಸ್ತಿ ಅನ್ವಯಿಸುತ್ತೆ, ಯಾಕೆಂದರೆ ಅವನು ಡೇನಿಯಲ್ಸ್ ಥರ ಓಡಿ ತಪ್ಪಿಸಿಕೊಳ್ಳುವವನಲ್ಲ. ನಿಂತ ಜಾಗದಲ್ಲಿ ನಿಂತು ಎಸೆಯುವವನು. ಸುತ್ತ ಜಾಗ ಇದ್ದರೆ ಸೊಗಸುಗಾರ. 2024ರ ಲೀಗ್ ಪಂದ್ಯಗಳಲ್ಲಿ 37 ಟಚ್‌ಡೌನ್ ಎಸೆದಿದ್ದಾನೆ, 12 ಇಂಟರ್‌ಸೆಪ್ಷನ್. ಅದರಲ್ಲಿ ಐದು ನೀವು ಹೇಳಿದ ಆ ಒಂದೇ ರಾತ್ರಿಯವು.

ಹಾಗಂತ ಅವನನ್ನು ಪೂರ್ತಿ ಬಿಡೋದಕ್ಕೂ ನನಗೆ ಮನಸ್ಸಿಲ್ಲ. ಡಿಫೆನ್ಸ್ ಮುರಿದು ಬಿದ್ದಿದೆ ಅಂತ ಅವನಿಗೂ ಗೊತ್ತಿತ್ತು. ಸಾಲ ಕಟ್ಟುವವರಿಲ್ಲ ಅಂತ ಗೊತ್ತಿದ್ದ ಮನೆಯಲ್ಲಿ ಕೈ ಸ್ವಲ್ಪ ಬಿಗಿ ಹಿಡಿಯಬೇಕು. ಎಂಡ್ ಝೋನ್‌ಗೆ ಎಸೆದದ್ದನ್ನು ಹೊರಗೆ ಎಸೆದಿದ್ದರೂ ಮೂರು ಪಾಯಿಂಟ್ ಬರುತ್ತಿತ್ತು. ನೀವು 'ಅವನೊಬ್ಬನಿಂದ ಸೋತಿಲ್ಲ' ಅಂದಿದ್ದರೆ ಕಣ್ಣು ಮುಚ್ಚಿ ಒಪ್ಪುತ್ತಿದ್ದೆ. 'ಅವನಿಂದ ಸೋತೇ ಇಲ್ಲ' ಅಂತ ಬರೆದಿದ್ದೀರಿ, ಅದೂ ಕೆಳಗೆ ಎರಡು ಗೆರೆ ಎಳೆದು. ಅದಕ್ಕೆ ನಾನು ಸಹಿ ಹಾಕೋದಿಲ್ಲ.

ತೀರ್ಪು. ನನ್ನ ಹಿಂದಿನ ಸಾಲು ವಾಪಸ್ ತೆಗೆದುಕೊಂಡಿದ್ದೇನೆ. ಪಂದ್ಯ ನೀವು ಗೆದ್ದಿರಿ, ಭಾವಮೈದುನರು ಬಂದು ಹಿಮ ಎತ್ತಲಿ. ಆದರೆ ಆ 7 ಪಾಯಿಂಟ್ ಲೆಕ್ಕಕ್ಕೆ, ಕಾರು ಹೊರಗೆ ತೆಗೆಯುವ ಕಡೆ ರಸ್ತೆಯ ಗಾಡಿ ತಳ್ಳಿಹೋದ ಗಟ್ಟಿ ರಾಶಿ ಇರುತ್ತದೆ ಅಂತ ಬರೆದಿದ್ದಿರಲ್ಲ, ಅದನ್ನು ನೀವೇ ಎತ್ತಿ. ಅವರಿಗೆ ಎರಡು ಸಲ ಕಾಫಿ ಕೊಡಿ, ಗಾಫ್ ಸುದ್ದಿ ಎತ್ತಬೇಡಿ. ಇನ್ನೊಂದು ಮಾತು, ನಮ್ಮ ಸಂಚಿಕೆ ಅಂಚೆಯಲ್ಲಿ ಮಿಷಿಗನ್ ಮುಟ್ಟೋದಕ್ಕೆ ಮೂರು ವಾರ ಬೇಕು. ಅಷ್ಟರಲ್ಲಿ ಹಿಮ ಕರಗಿ ಹೋಗಿದ್ದರೆ ನನ್ನನ್ನು ಬೈಯಬೇಡಿ.

— ಸಂ.